ಪದ ಪರಿಚಯ: ಅಕಾಲ ಮರಣ

ದೇವಸ್ಥಾನದಲ್ಲಿ ತೀರ್ಥ ಕೊಡುವಾಗ ಅರ್ಚಕರು ‘ಅಕಾಲಮೃತ್ಯುಹರಣಂ’ ಅನ್ನುತ್ತಾರಲ್ಲ, ಅದರ ಅರ್ಥದ ಕಡೆ ಗಮನ ಹೋಗುವಷ್ಟರಲ್ಲಿ ತೀರ್ಥ ಗಂಟಲಿಳಿದು ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಾಗಿರುತ್ತದೆ. ಸಾವೇ ಬೇಡ ಅನ್ನುವ ಬೇಡಿಕೆ ಅದಲ್ಲ, ಹೊತ್ತಿಗೆ ಮುಂಚೆ ಬರುವುದು ಬೇಡ ಅಂತ ಮಾತ್ರ. ಸಾರ್ವಜನಿಕ ಆರೋಗ್ಯದ ಲೆಕ್ಕ ಬರೆಯುವವರು ಕೇಳುವುದೂ ಇಷ್ಟನ್ನೇ. ‘ಧೂಮಪಾನದಿಂದಾಗುವ ಅಕಾಲ ಮರಣ’ ಅನ್ನುವುದು ಅವರ ವರದಿಗಳಲ್ಲಿ ಮತ್ತೆಮತ್ತೆ ಬರುವ ಮಾತು.

ಹಾಗಾದರೆ ಕಾಲ ಯಾವುದು? ಹೃದ್ರೋಗ, ಕ್ಯಾನ್ಸರ್, ಸಕ್ಕರೆ ಕಾಯಿಲೆಗಳ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆ 30ರಿಂದ 70 ವರ್ಷದೊಳಗಿನ ಸಾವುಗಳನ್ನು ಅಕಾಲ ಎನ್ನುತ್ತದೆ. ಧೂಮಪಾನದ ಅಧ್ಯಯನಗಳಲ್ಲಿ ಇನ್ನೊಂದು ಅಳತೆಯಿದೆ. ಒಂದೇ ಕಾಲದಲ್ಲಿ ಹುಟ್ಟಿದ ಸೇದುವವರನ್ನೂ ಸೇದದವರನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ವಯಸ್ಸಿನಲ್ಲಿ ಸೇದುವವರು ಎಷ್ಟು ಹೆಚ್ಚು ಸತ್ತರು ಎಂದು ನೋಡುತ್ತಾರೆ. ಆ ಹೆಚ್ಚುವರಿ ಧೂಮಪಾನದ ಖಾತೆಗೆ ಹೋಗುತ್ತದೆ. ಮರಣ ಪತ್ರದಲ್ಲಿ ವೈದ್ಯರು ಬರೆಯುವುದು ಹೃದಯಾಘಾತ ಅಂತಲೋ ಶ್ವಾಸಕೋಶದ ಕ್ಯಾನ್ಸರ್ ಅಂತಲೋ. ‘ಬೀಡಿ’ ಅಂತ ಯಾರೂ ಬರೆಯುವುದಿಲ್ಲ. ಅದು ಕಾಣಿಸುವುದು ಸಾವಿರಾರು ಜನರನ್ನು ಒಟ್ಟಿಗೆ ಎಣಿಸಿದಾಗ ಮಾತ್ರ.

ಇಲ್ಲಿ ಯಾರಾದರೂ ತಮ್ಮ ಅಜ್ಜನನ್ನು ಕರೆತರದೇ ಇರುವುದಿಲ್ಲ. ‘ನಮ್ಮಜ್ಜ ದಿನಕ್ಕೊಂದು ಕಟ್ಟು ಬೀಡಿ ಎಳೆದು ಎಂಬತ್ತೈದು ದಾಟಿದ್ರು.’ ಅಜ್ಜ ಸುಳ್ಳಲ್ಲ. ಅವರು ಲೆಕ್ಕದ ಒಳಗೇ ಇದ್ದಾರೆ. ಬ್ರಿಟನ್ನಿನ ವೈದ್ಯ ಸಂಶೋಧಕ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಅಲ್ಲಿನ ಸುಮಾರು 34 ಸಾವಿರ ಗಂಡು ವೈದ್ಯರನ್ನು 1951ರಿಂದ 50 ವರ್ಷ ಬೆನ್ನು ಬಿಡದೆ ಹಿಂಬಾಲಿಸಿದರು. ಸಿಗರೇಟು ಬಿಡದವರು ಸರಾಸರಿ 10 ವರ್ಷ ಆಯುಸ್ಸು ಕಳೆದುಕೊಂಡಿದ್ದರು. ಆದರೆ ಸರಾಸರಿ ಅನ್ನುವುದು ಸ್ವಲ್ಪ ಮೋಸಗಾರ. ಆ ಹತ್ತು ವರ್ಷ ಎಲ್ಲರ ಎಲೆಗೂ ಸಮನಾಗಿ ಬಡಿಸಿದ್ದಲ್ಲ. ಸೇದುತ್ತಲೇ ಹೋದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಆ ಚಟ ಕೊಂದಿತು, ಉಳಿದವರನ್ನು ಬಿಟ್ಟಿತು. ಎಲ್ಲರ ನಷ್ಟವೂ ಅರ್ಧ ಜನರ ತಲೆಗೇ ಬಿದ್ದಿತೆಂದರೆ ಒಬ್ಬೊಬ್ಬರಿಗೆ ಇಪ್ಪತ್ತು ವರ್ಷದ ಆಸುಪಾಸು. ಒಂದು ಮನೆಯ ಅಜ್ಜ ಎಂಬತ್ತೈದಕ್ಕೆ ಮೊಮ್ಮಗಳ ಮದುವೆ ಊಟ ಮಾಡುತ್ತಾರೆ, ಇನ್ನೊಂದು ಮನೆಯಲ್ಲಿ ಐವತ್ತೈದಕ್ಕೇ ಅಪ್ಪನ ಫೋಟೊಗೆ ಹಾರ. ಯಾವ ಮನೆ ನಮ್ಮದು ಅಂತ ಮೊದಲೇ ತಿಳಿಯುವ ದಾರಿಯಿಲ್ಲ.

ಈ ಪದದ ಜೊತೆಯಲ್ಲೇ ಬರುವ ಇನ್ನೊಂದು ಪದ ‘ತಪ್ಪಿದ ಅಕಾಲ ಮರಣ’. ನನ್ನ ಮಟ್ಟಿಗೆ ಇದೇ ಹೆಚ್ಚು ಸೋಜಿಗದ್ದು. ಆಗದೇ ಹೋದ ಸಾವನ್ನು ಎಣಿಸುವುದು ಹೇಗೆ?

ಅಮೆರಿಕದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 1964ರ ಜನವರಿ 11, ಶನಿವಾರ, ಅಲ್ಲಿನ ಸರ್ಜನ್ ಜನರಲ್ (ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ) ಲೂಥರ್ ಟೆರಿ ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂಬ ವರದಿ ಹೊರಹಾಕಿದರು. ಶನಿವಾರ ಶೇರುಪೇಟೆಗೆ ರಜೆ, ಮರುದಿನದ ಪತ್ರಿಕೆಗಳಲ್ಲಿ ಜಾಗ ಧಾರಾಳ, ಹಾಗಾಗಿ ಆ ದಿನ. ಆಮೇಲೆ ಪ್ಯಾಕಿನ ಮೇಲೆ ಎಚ್ಚರಿಕೆ ಬಂತು, 1971ರ ಜನವರಿಯಲ್ಲಿ ಟಿವಿ, ರೇಡಿಯೊ ಜಾಹೀರಾತು ನಿಂತಿತು, ತೆರಿಗೆ ಏರಿತು, ವಿಮಾನದಿಂದ ಹೋಟೆಲಿನವರೆಗೆ ಹೊಗೆ ಹೊರಗೆ ಹೋಯಿತು. 1965ರಲ್ಲಿ ನೂರಕ್ಕೆ 42 ವಯಸ್ಕರು ಸೇದುತ್ತಿದ್ದರು, 2012ರ ಹೊತ್ತಿಗೆ 18.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಸಾವಿನ ಲೆಕ್ಕಕ್ಕೆ ತಿರುಗಿಸಿತು. ಸಂಶೋಧಕರು ಎರಡು ಅಮೆರಿಕಗಳನ್ನು ಇಟ್ಟುಕೊಂಡರು. ಒಂದು ನಿಜವಾಗಿ ನಡೆದದ್ದು. ಇನ್ನೊಂದು 1964ರ ವರದಿಯೇ ಬರದೆ, ಜನ ಹಳೆಯ ರೂಢಿಯಲ್ಲೇ ಸೇದುತ್ತ ಹೋಗಿದ್ದರೆ ಇರಬಹುದಾಗಿದ್ದ ಅಮೆರಿಕ. 2012ರವರೆಗೆ ನಿಜದಲ್ಲಿ ಧೂಮಪಾನದ ಖಾತೆಗೆ ಬಿದ್ದ ಸಾವು ಅಂದಾಜು 1 ಕೋಟಿ 77 ಲಕ್ಷ. ಕಲ್ಪನೆಯ ಅಮೆರಿಕದಲ್ಲಿ ಅದಕ್ಕಿಂತ 80 ಲಕ್ಷ ಹೆಚ್ಚು. ಆ 80 ಲಕ್ಷವೇ ತಪ್ಪಿದ ಅಕಾಲ ಮರಣ. ಅದರಲ್ಲಿ ಗಂಡಸರು 53 ಲಕ್ಷ, ಹೆಂಗಸರು 27 ಲಕ್ಷ. ಉಳಿದುಕೊಂಡ ಒಬ್ಬೊಬ್ಬರಿಗೆ ಸಿಕ್ಕ ಹೆಚ್ಚಿನ ಆಯುಸ್ಸು ಸರಾಸರಿ 19.6 ವರ್ಷ. ಮೇಲೆ ಬಂದ ಇಪ್ಪತ್ತರ ಹತ್ತಿರಕ್ಕೇ ಬಂದು ನಿಂತಿತು ನೋಡಿ.

ಇದು ಅಂದಾಜೇ ಹೊರತು ತಲೆ ಎಣಿಕೆಯಲ್ಲ. ಕಲ್ಪನೆಯ ಅಮೆರಿಕವನ್ನು ಯಾರೂ ಕಂಡವರಿಲ್ಲ. ಬದುಕಿಕೊಂಡವರಿಗೂ ತಾವು ಬದುಕಿಕೊಂಡವರೆಂದು ಗೊತ್ತಿಲ್ಲ. ಆಪರೇಷನ್ ಆಗಿ ಉಳಿದವನು ಡಾಕ್ಟರಿಗೆ ಹಣ್ಣಿನ ಬುಟ್ಟಿ ಒಯ್ಯುತ್ತಾನೆ. ತೆರಿಗೆ ಏರಿಸಿ ಸಿಗರೇಟು ಬಿಡಿಸಿದ ಅಧಿಕಾರಿಗೆ ಬುಟ್ಟಿ ಒಯ್ದವರನ್ನು ನಾನಂತೂ ಕಂಡಿಲ್ಲ, ಬೈದವರನ್ನು ಬೇಕಾದಷ್ಟು ಕಂಡಿದ್ದೇನೆ.

ಫಲ ತಡವಾಗಿ ಬರುವುದೂ ಇದಕ್ಕೊಂದು ಕಾರಣ. ಅಮೆರಿಕದಲ್ಲಿ ತಲಾ ಸಿಗರೇಟು ಬಳಕೆ ತುದಿ ಮುಟ್ಟಿದ್ದು 1963ರಲ್ಲಿ, ಗಂಡಸರ ಶ್ವಾಸಕೋಶದ ಕ್ಯಾನ್ಸರ್ ಸಾವಿನ ಪ್ರಮಾಣ ಇಳಿಯತೊಡಗಿದ್ದು 1990ರ ನಂತರ. ಹೃದಯ ಬೇಗ ಸುಧಾರಿಸಿಕೊಳ್ಳುತ್ತದೆ, ಶ್ವಾಸಕೋಶದ್ದು ನಿಧಾನ. ಬಿಟ್ಟವರಿಗೆ ಮಾತ್ರ ಯಾವ ವಯಸ್ಸಿನಲ್ಲೂ ಏನಾದರೂ ದಕ್ಕುತ್ತದೆ. ಡಾಲ್ ಅವರ ವೈದ್ಯರಲ್ಲಿ 60ಕ್ಕೆ ಬಿಟ್ಟವರು ಸುಮಾರು 3 ವರ್ಷ ಗಳಿಸಿದರು, 50ಕ್ಕೆ ಬಿಟ್ಟವರು 6, 40ಕ್ಕೆ 9. ಮೂವತ್ತಕ್ಕೇ ಬಿಟ್ಟವರಿಗೆ ಹೆಚ್ಚುಕಡಿಮೆ ಪೂರ್ತಿ ಹತ್ತೂ ವಾಪಸು.

ನಮ್ಮಲ್ಲಿ ಬೀಡಿಯ ಕತೆಯೂ ಸೇರಬೇಕು. ಬೀಡಿ ಸಣ್ಣದು, ಎಲೆಯದು, ಅಷ್ಟೇನೂ ಕೆಟ್ಟದ್ದಲ್ಲ ಎಂಬ ನಂಬಿಕೆ ಈಗಲೂ ಇದೆ. 2008ರಲ್ಲಿ ಬಂದ ಭಾರತದ ದೊಡ್ಡ ಅಧ್ಯಯನವೊಂದರ ಪ್ರಕಾರ ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಹೆಂಗಸರು 8 ವರ್ಷ, ಸಿಗರೇಟು ಸೇದುವ ಗಂಡಸರು 10 ವರ್ಷ ಕಳೆದುಕೊಳ್ಳುತ್ತಾರೆ. ಇಲ್ಲಿ ಕೊಲ್ಲುವ ಕಾಯಿಲೆಗಳ ಸಾಲಿನಲ್ಲಿ ಕ್ಷಯವೂ ಮುಂದೆಯೇ ನಿಂತಿದೆ.

ಕರ್ನಾಟಕದಲ್ಲಿ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುವ ವಯಸ್ಕರು 2009-10ರ ಸಮೀಕ್ಷೆಯಲ್ಲಿ ನೂರಕ್ಕೆ 28.2 ಇದ್ದದ್ದು 2016-17ರಲ್ಲಿ 22.8ಕ್ಕೆ ಇಳಿಯಿತು. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯಿಸುವ ರಾಜ್ಯವೂ ಇದೇ ಅನ್ನಿ. ಈ ಇಳಿಕೆ ಸಾವಿನ ಲೆಕ್ಕದಲ್ಲಿ ಚೆನ್ನಾಗಿ ಕಾಣಿಸಲು ಇನ್ನೂ ವರ್ಷಗಳು ಬೇಕು.

ಅಲ್ಲಿಯವರೆಗೆ ಬಸ್ ಸ್ಟ್ಯಾಂಡ್ ಎದುರಿನ ಗೂಡಂಗಡಿ. ಮೊದಲು ಅಲ್ಲಿ ತೆಂಗಿನ ನಾರಿನ ಹಗ್ಗವೊಂದು ತುದಿಯಲ್ಲಿ ಕೆಂಡ ಹೊತ್ತು ನೇತಾಡುತ್ತಿತ್ತು, ಈಗ ದಾರಕ್ಕೆ ಕಟ್ಟಿದ ಲೈಟರ್. ಪ್ಯಾಕಿನ ಎರಡೂ ಬದಿ ನೂರಕ್ಕೆ 85 ಭಾಗ ಎಚ್ಚರಿಕೆಯ ಚಿತ್ರ, ಬರಹ ಇರಬೇಕೆಂದು ನಿಯಮ. ಬಿಡಿಯಾಗಿ ಮಾರುವುದಕ್ಕೆ ರಾಜ್ಯದಲ್ಲಿ ನಿಷೇಧ. ಆದರೂ ಹುಡುಗನೊಬ್ಬ ‘ಅಣ್ಣಾ, ಒಂದು ಕೊಡಿ’ ಅಂತಾನೆ. ಅಂಗಡಿಯವರು ಒಂದನ್ನು ಎಳೆದು ಅವನ ಕೈಗಿಡುತ್ತಾರೆ, ಚಿತ್ರವಿರುವ ಪ್ಯಾಕು ಡಬ್ಬಿಗಳ ಹಿಂದೆಯೇ ಉಳಿಯುತ್ತದೆ.