ಮಂಡಿಯಿಂದ ತೆಗೆದ ನೀರು ಎಲ್ಲಿ ಹೋಯಿತು?

ಮಂಡಿ ಊದಿಸಿಕೊಂಡು ಬರುವವರಲ್ಲಿ ಎರಡು ಪಂಗಡ. ‘ನೀರು ತುಂಬಿದೆ, ಒಂದು ಸಲ ತೆಗೆದುಬಿಡಿ ಡಾಕ್ಟ್ರೇ, ಎಲ್ಲ ಸರಿಹೋಗುತ್ತೆ’ ಎನ್ನುವವರು ಒಂದು ಕಡೆ. ‘ಸೂಜಿ ಮಾತ್ರ ಬೇಡ, ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತಂತೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ನೀರನ್ನೇ ಕಾಯಿಲೆ ಅಂದುಕೊಂಡಿದ್ದಾರೆ.

ಆರೋಗ್ಯವಾಗಿರುವ ಮಂಡಿಯಲ್ಲೂ 3–4 ಮಿ.ಲೀ. ದ್ರವ ಇರುತ್ತದೆ. ಕೀಲಿನ ಒಳಪೊರೆ ಅದನ್ನು ತಯಾರಿಸುತ್ತದೆ, ಹಳೆಯದನ್ನು ಹೀರಿಕೊಳ್ಳುತ್ತದೆ. ಆ ಪೊರೆ ಕೆರಳಿದರೆ 50–60 ಮಿ.ಲೀ. ಕೂಡುವುದು ಅಪರೂಪವೇನಲ್ಲ. ಕೆರಳಿಸಿದ್ದು ಸವೆತವೋ, ಹರಿದ ಮೆನಿಸ್ಕಸ್ಸೋ (ಮಂಡಿಯೊಳಗಿನ ಮೆತ್ತೆ), ಗೌಟೋ (ಯೂರಿಕ್ ಆಸಿಡ್ ಹರಳುಗಟ್ಟಿ ಬರುವ ಕೀಲುಬೇನೆ), ರುಮಟಾಯ್ಡ್ ಸಂಧಿವಾತವೋ, ಸೋಂಕೋ, ಅದು ಒಳಗೇ ಠಿಕಾಣಿ ಹೂಡಿರುವಾಗ ನೀರು ತುಂಬದೆ ಇನ್ನೇನಾದೀತು? ಸೂಜಿಯನ್ನು ದೂರಿ ಫಲವಿಲ್ಲ. ತೆಗೆದ ಕೂಡಲೇ ಬಿಗಿತ ಸಡಿಲವಾಗುವುದು ನಿಜ. ಆ ಹಗುರವನ್ನೇ ವಾಸಿಯೆಂದು ನಂಬಿ ಜನ ಮನೆಗೆ ಹೊರಟುಬಿಡುತ್ತಾರೆ.

ನೀರು ತೆಗೆಯುವ ದೊಡ್ಡ ಲಾಭ ಇರುವುದು ಪರೀಕ್ಷೆಯಲ್ಲಿ. ಬೇರೆ ಕಡೆ ಎರಡು ಸಲ ತೆಗೆಸಿಕೊಂಡಿದ್ದ ಹಿರಿಯರೊಬ್ಬರನ್ನು ರಿಪೋರ್ಟ್ ಕೇಳಿದೆ. ‘ರಿಪೋರ್ಟಾ? ಸಿಂಕಿಗೆ ಚೆಲ್ಲಿದರಲ್ಲ ಸಾರ್!’ ಎಂದರು. ಅವರೇನೋ ನಕ್ಕರು, ನನಗೆ ನಗು ಬರಲಿಲ್ಲ. ಮೂರನೇ ಸಲ ತೆಗೆದು ಸೂಕ್ಷ್ಮದರ್ಶಕದಡಿ ನೋಡಿಸಿದರೆ ಸೂಜಿಯಂಥ ಯೂರಿಕ್ ಆಸಿಡ್ ಹರಳುಗಳು. ರಕ್ತದಲ್ಲಿ ಯೂರಿಕ್ ಆಸಿಡ್ ನಾರ್ಮಲ್ ಬಂತೆಂದು ಹಿಂದೆ ನೋಡಿದ ವೈದ್ಯರು ಗೌಟನ್ನು ಪಟ್ಟಿಯಿಂದಲೇ ಕೈಬಿಟ್ಟಿದ್ದರು. ಗೌಟ್ ಕೆರಳಿದ ದಿನಗಳಲ್ಲೇ ಆ ಅಂಕಿ ಇಳಿದಿರುವುದುಂಟು.

ಸಿರಿಂಜನ್ನು ಬೆಳಕಿಗೆ ಹಿಡಿದು ಹಿಂದೆ ಅಚ್ಚಾದ ಹಾಳೆಯೊಂದನ್ನು ಇಟ್ಟರೂ ಸಾಕು, ಸುಳಿವು ಸಿಗುತ್ತದೆ. ಅಕ್ಷರ ಓದಲು ಬಂದರೆ ಬಹುಮಟ್ಟಿಗೆ ಸವೆತ ಅಥವಾ ಹಳೆಯ ಏಟು. ಮಸುಕಾದರೆ ಉರಿಯೂತದ ಗುಮಾನಿ. ರಕ್ತ ಬಂದು ಅದರ ಮೇಲೆ ಕೊಬ್ಬಿನ ಹನಿ ತೇಲಿದರೆ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಮೂಳೆ ಬಿರುಕು ಬಿಟ್ಟಿದೆಯೆಂದೇ ಹುಡುಕುತ್ತೇನೆ. ಲ್ಯಾಬಿನಲ್ಲಿ ಬಿಳಿ ರಕ್ತಕಣ ಘನ ಮಿಲಿಮೀಟರಿಗೆ 2,000ಕ್ಕಿಂತ ಕಡಿಮೆಯಿದ್ದರೆ ನೆಮ್ಮದಿ, 50,000 ದಾಟಿದರೆ ಸೋಂಕಿನ ಭಯ. ಹಾಗಂತ ಈ ಅಂಕಿಗಳನ್ನು ಕಲ್ಲಿನ ಗೆರೆ ಎಂದುಕೊಳ್ಳಬೇಡಿ. ಕಡಿಮೆ ಕಣಗಳಿರುವ ಸೋಂಕೂ ಇರುತ್ತದೆ.

ಊದಿದ ಮಂಡಿಗೆಲ್ಲ ಸೂಜಿ ಬೇಕೆಂದೂ ಅಲ್ಲ. ಯಾವಾಗ ಊದಿತು ಎಂಬುದೇ ಎಷ್ಟೋ ಸಲ ಅರ್ಧ ಉತ್ತರ. ಏಟು ಬಿದ್ದು ಒಂದೆರಡು ಗಂಟೆಯೊಳಗೆ ಉಬ್ಬಿದರೆ ಒಳಗೆ ರಕ್ತ, ಬಹುಶಃ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದಿದೆ. ಮಾರನೇ ದಿನ ಊದಿದರೆ ಮೆನಿಸ್ಕಸ್ ಮೇಲೆ ಕಣ್ಣು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಇದ್ದಕ್ಕಿದ್ದಂತೆ ಮಂಡಿ ಬಿಸಿಯಾಗಿ, ಕೆಂಪಗಾಗಿ, ಒಂದಿಷ್ಟೂ ಮಡಿಸಲಾಗದಿದ್ದರೆ, ಜ್ವರ ಇರಲಿ ಬಿಡಲಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸೋಂಕು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ. ಸಕ್ಕರೆ ಕಾಯಿಲೆ ಇರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇನ್ನೂ ಎಚ್ಚರ. ದಾರಿಯಲ್ಲಿ ಆಂಟಿಬಯಾಟಿಕ್ ಕೊಂಡು ನುಂಗಿಕೊಂಡು ಬರಬೇಡಿ, ಆಮೇಲೆ ಕಲ್ಚರ್‌ನಲ್ಲಿ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಏನೂ ಬೆಳೆಯದೇ ಹೋಗಬಹುದು. ಕೃತಕ ಮಂಡಿಯವರು ನೇರ ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕಾಣಿ.

ಉಳಿದವರಿಗೆ ಮನೆಯ ಮದ್ದು ಸರಳ. ಬಟ್ಟೆ ಸುತ್ತಿದ ಐಸ್ 15–20 ನಿಮಿಷ, ಓಡಾಟ ಕಡಿಮೆ, ತಿಕ್ಕಿ ನೀವುವುದು ಬೇಡ. ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ನೋವಿನ ಮಾತ್ರೆಯನ್ನು ಕೇಳದೆ ಮುಟ್ಟಬೇಡಿ. ಮಂಡಿಯ ಕೆಳಗೆ ದಿಂಬಿಟ್ಟು ಮಲಗುವುದನ್ನಂತೂ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅರ್ಧ ಮಡಿಸಿದಾಗ ಒಳಗಿನ ಒತ್ತಡ ಇಳಿದು ಹಾಯೆನಿಸುತ್ತದೆ, ಒಪ್ಪುತ್ತೇನೆ. ಆದರೆ ವಾರಗಟ್ಟಲೆ ಹಾಗೇ ಇಟ್ಟರೆ ಕಾಲು ಪೂರ್ತಿ ನೇರವಾಗುವುದನ್ನೇ ಮರೆಯುತ್ತದೆ. ಕಾಲೆತ್ತಿ ಇಡಬೇಕೆಂದಿದ್ದರೆ ದಿಂಬು ಹಿಮ್ಮಡಿಯ ಕೆಳಗಿರಲಿ. ಹಾಗೇ ಮಲಗಿದ್ದು ತೊಡೆಯ ಮುಂಭಾಗವನ್ನು ಐದು ಸೆಕೆಂಡ್ ಬಿಗಿಹಿಡಿದು ಬಿಡಿ, ಹತ್ತು ಸಲ. ನೀರು ತುಂಬಿದ ಮಂಡಿ ಆ ಸ್ನಾಯುವನ್ನು ಮಂಕಾಗಿಸುತ್ತದೆ. ಮೆಟ್ಟಿಲಿಳಿಯುವಾಗ ಕಾಲು ಕೈಕೊಡುವುದು ಬಹಳ ಸಲ ಅದರಿಂದಲೇ.