ಹಿಂದಿನ ಬ್ರೇಕ್ ಹಿಡಿದರೆ ಗಡಗಡ: ಡಿಸ್ಕ್ ಬೆಂಡಾಗಿದೆಯೇ?

ಪ್ರಶ್ನೆ: ನನ್ನದು 29 ಇಂಚಿನ ಎಂಟಿಬಿ (ಬೆಟ್ಟಗುಡ್ಡದ ಸೈಕಲ್), ಆಯಿಲ್ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ನಂದಿ ಬೆಟ್ಟ ಇಳಿಯುವಾಗ ಹಿಂದಿನ ಬ್ರೇಕ್ ಹಿಡಿದರೆ ಸೀಟಿನವರೆಗೂ ನಡುಕ. ಡಿಸ್ಕ್ ಬೆಂಡಾಗಿದೆ ಅಂತಾರೆ. ಹೊಸದು ಹಾಕಿಸಲೇ?

ಬೇಡ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಜನ ಡಿಸ್ಕ್ ಬದಲಿಸುತ್ತಲೇ ಇದ್ದಾರೆ, ನಡುಕ ಹಾಗೇ ಇರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

29 ಇಂಚಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 2.3 ಮೀಟರ್ ಹೋಗುತ್ತದೆ. ಗಂಟೆಗೆ 25 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್, ಅಂದರೆ ಮೂರು ಸುತ್ತು. ಡಿಸ್ಕಿನಲ್ಲಿ ಒಂದು ಕಡೆ ಸೊಟ್ಟ ಇದ್ದರೆ ಅದು ಸುತ್ತಿಗೊಮ್ಮೆ ಪ್ಯಾಡಿಗೆ (ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ತುಂಡು) ಸಿಗುತ್ತದೆ: ಟಕ್, ಟಕ್, ಟಕ್, ಸೆಕೆಂಡಿಗೆ ಮೂರು. ಬಾಯಲ್ಲಿ ಎಣಿಸಬಹುದು. ನೀವು ಹೇಳುತ್ತಿರುವ ಗಡಗಡವನ್ನು ಎಣಿಸಲು ಆಗುತ್ತದೆಯೇ? ಆಗುವುದಿಲ್ಲ. ಹಾಗಾದರೆ ಅದು ಬೇರೆ ರೋಗ.

ಇನ್ನೊಂದು ಮಾತು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಎರಡೂ ಬದಿಯ ಪಿಸ್ಟನ್‌ಗಳ ಹಿಂದೆ ಇರುವುದು ಒಂದೇ ಆಯಿಲ್. ಡಿಸ್ಕ್ ಕೂದಲೆಳೆಯಷ್ಟು ಎಡಕ್ಕೆ ವಾಲಿದರೆ ಎಡದ ಪಿಸ್ಟನ್ ಒಳಗೆ ಸರಿದು ಬಲದ್ದು ಹೊರಗೆ ಬರುತ್ತದೆ, ಹಿಡಿತ ಅಷ್ಟೇ ಇರುತ್ತದೆ. ಸೊಟ್ಟ ಡಿಸ್ಕ್ ಹೆಚ್ಚು ಗೊತ್ತಾಗುವುದು ಬ್ರೇಕ್ ಬಿಟ್ಟಾಗಲೇ, ಸುತ್ತಿಗೊಮ್ಮೆ ‘ಶ್’ ಎಂದು ಉಜ್ಜಿಕೊಂಡು. ಡಿಸ್ಕ್ ಬದಲಿಸಬೇಕಾದ್ದು ಸವೆದಾಗ. ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಬಂದರೆ ತೆಗೆಯಬೇಕು.

ಹಾಗಾದರೆ ನಡುಕ ಎಲ್ಲಿಂದ? ಪ್ಯಾಡ್ ಡಿಸ್ಕನ್ನು ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ, ಒಂದು ಸೆಕೆಂಡಿನಲ್ಲಿ ಹತ್ತಾರು ಸಲ. ಸುತ್ತಮುತ್ತ ಏನಾದರೂ ಲೂಸ್ ಇದ್ದರೆ ಆ ಕಚ್ಚಾಟ ಇಡೀ ಫ್ರೇಮಿಗೆ ಹಬ್ಬುತ್ತದೆ.

ಮೊನ್ನೆ ಒಬ್ಬ ಹುಡುಗ ಸೈಕಲ್ ತಂದಿದ್ದ. ಬೇರೆ ಕಡೆ ಎರಡು ಡಿಸ್ಕ್ ಬದಲಾಯಿಸಿದ್ದರಂತೆ. ಹಿಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳು ಎಂದೆ. ನಾನು ಕುಳಿತು, ಕ್ಯಾಲಿಪರನ್ನು ಕೂರಿಸುವ ಅಡಾಪ್ಟರ್ ಫ್ರೇಮಿಗೆ ಸೇರುವ ಸಂದಿಯ ಮೇಲೆ ಬೆರಳಿಟ್ಟೆ. ಪ್ರತಿ ತಳ್ಳಿಗೂ ಬೆರಳಿನಡಿ ‘ಟಿಕ್’ ಎಂದಿತು. ಅಲೆನ್ ಕೀ ಹಾಕಿದರೆ ಬೋಲ್ಟ್ ಬರೀ ಬೆರಳ ಬಲಕ್ಕೇ ಕಾಲು ಸುತ್ತು ತಿರುಗಿತು. 6ರಿಂದ 8 ನ್ಯೂಟನ್ ಮೀಟರ್ ಬಿಗಿ ಇರಬೇಕಾದ ಬೋಲ್ಟ್ ಅದು! ‘ನೀನೇ ಮುಟ್ಟಿ ನೋಡು’ ಎಂದು ಅವನ ಬೆರಳನ್ನೂ ಇಡಿಸಿದೆ. ಇನ್ನು ಅವನು ಯಾರ ಮಾತಿಗೂ ಡಿಸ್ಕ್ ಕೊಳ್ಳುವುದಿಲ್ಲ.

ಇದೇ ರೀತಿ ಆಕ್ಸಲ್, ಡಿಸ್ಕಿನ ಬೋಲ್ಟ್‌ಗಳು, ಹಬ್ ಬೇರಿಂಗ್ (ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ) ನೋಡಿ. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಾದರೆ ಪಿವಟ್‌ಗಳನ್ನೂ (ಫ್ರೇಮಿನ ಕೀಲುಗಳು). ಎಲ್ಲ ಗಟ್ಟಿ ಇದ್ದರೆ ಪ್ಯಾಡ್ ಬಿಚ್ಚಿ. ಗಾಜಿನಂತೆ ಹೊಳೆಯುತ್ತಿದ್ದರೆ ಸಾಣೆ ಕಾಗದದಲ್ಲಿ ಮೇಲ್ಮೈ ಉಜ್ಜಿ, ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಚೈನಿಗೆ ಹೊಡೆದ ಸ್ಪ್ರೇ ಪ್ಯಾಡಿಗೆ ಇಳಿದಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ಪ್ಯಾಡ್ ಹೊಸದೇ ಬೇಕು.

ಆ ಹೊಳಪು ಬಂದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೀಯ ಎಂದು ಚಿಕ್ಕಂದಿನಲ್ಲೇ ನಮ್ಮನ್ನು ಹೆದರಿಸಿಬಿಟ್ಟಿದ್ದಾರೆ. ಹಾಗಾಗಿ ಬೆಟ್ಟದ ತುದಿಯಿಂದ ಬುಡದವರೆಗೂ ಹಿಂದಿನದೊಂದನ್ನೇ ಸವರಿಕೊಂಡು ಇಳಿಯುತ್ತೇವೆ, ಪ್ಯಾಡ್ ಕಾದು ಮೇಲ್ಮೈ ಗಾಜುಗಟ್ಟುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ನಿಲ್ಲಿಸುವ ಶಕ್ತಿ ಇರುವುದೂ ಅಲ್ಲೇ. ಸೊಂಟವನ್ನು ಹಿಂದಕ್ಕೆ ತಂದು, ಎರಡನ್ನೂ ಒಟ್ಟಿಗೆ, ಮುಂದಿನದನ್ನು ಮೆಲ್ಲಗೆ ಹೆಚ್ಚಿಸುತ್ತಾ ಹಿಡಿಯಿರಿ. ವೇಗ ಇಳಿದ ಕೂಡಲೇ ಬಿಡಿ, ಪ್ಯಾಡಿಗೆ ಗಾಳಿಯಾಡಲಿ.

ಉಜ್ಜಿದ ಪ್ಯಾಡಾಗಲಿ ಹೊಸದಾಗಲಿ, ಬೆಟ್ಟಕ್ಕೆ ಹೋಗುವ ಮೊದಲು ಮನೆ ಹತ್ತಿರ ಸಮತಟ್ಟು ರಸ್ತೆಯಲ್ಲಿ ಪಳಗಿಸಿ: ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಒಂದು 20 ಸಲ, ಚಕ್ರ ಲಾಕ್ ಆಗದಂತೆ, ಪೂರ್ತಿ ನಿಲ್ಲಿಸದೆ.