ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು

ಮನೆಯಲ್ಲಿ ಮೊಸರು ಪೂರ್ತಿ ಖಾಲಿಯಾದ ದಿನ ಏನು ಮಾಡುತ್ತೀರಿ? ಒಂದು ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತೀರಿ, ಅಲ್ವಾ? ಹಾಲು ನಮ್ಮದೇ, ಪಾತ್ರೆಯೂ ನಮ್ಮದೇ, ಆದರೆ ಹೆಪ್ಪು ಹಾಕದೆ ಸುಮ್ನೆ ಇಟ್ಟರೆ ಹಾಲು ಕೆಡುತ್ತದೆ ಅಷ್ಟೆ. ಮೈಕ್ರೋಬಯೋಮ್ ಅಂದರೇನು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಈ ಹೆಪ್ಪಿನಿಂದ. ಕರುಳಾಗಲಿ, ಹಸುವಿನ ಹೊಟ್ಟೆಯಾಗಲಿ, ಗಿಡದ ಬೇರಾಗಲಿ, ಒಂದು ಜಾಗದಲ್ಲಿ ಒಟ್ಟಿಗೆ ಬಾಳುವ ಸೂಕ್ಷ್ಮಜೀವಿಗಳ ಇಡೀ ಊರಿಗೆ ಆ ಹೆಸರು. ಆ ಊರು ಖಾಲಿಯಾದರೆ ಕೆಲವೊಮ್ಮೆ ಲೋಟ ಹಿಡಿದು ಬೇರೆಯವರ ಮನೆಗೆ ಹೋಗಲೇಬೇಕು.

ನಿಜವಾಗಿಯೂ ಹಾಗೆ ಹೋದವರೊಬ್ಬರ ಕಥೆ ಇದೆ. ಸುಬಾಬುಲ್ ಗೊತ್ತಲ್ಲ, ನಮ್ಮಲ್ಲೂ ಹೊಲದ ಬದುವಿನಲ್ಲಿ ಬೆಳೆಸಿ ಮೇಕೆಗಳಿಗೆ ಸೊಪ್ಪು ಕಡಿದು ಹಾಕುತ್ತಾರೆ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಪ್ರೋಟೀನ್ ಜಾಸ್ತಿ, ಮಳೆ ಕಡಿಮೆಯಾದರೂ ತಡೆಯುತ್ತದೆ ಅಂತ ಆಸ್ಟ್ರೇಲಿಯಾದವರೂ ದನಗಳಿಗಾಗಿ ಬೆಳೆಸಿದರು. ಆದರೆ ಅಲ್ಲಿ ಇದನ್ನೇ ಹೆಚ್ಚಾಗಿ ಮೇಯ್ದ ದನಗಳಿಗೆ ಕೂದಲು ಉದುರಿತು, ಥೈರಾಯ್ಡ್ ಊದಿಕೊಂಡಿತು, ಮೈ ಹಿಡಿಯಲಿಲ್ಲ. ಎಲೆಯಲ್ಲಿ ಮಿಮೋಸಿನ್ ಅನ್ನುವ ವಿಷ ಇದೆ, ಹೊಟ್ಟೆಯಲ್ಲಿ ಅದು ಡಿಎಚ್‌ಪಿ ಅನ್ನುವ ಇನ್ನೊಂದು ವಸ್ತುವಾಗಿ ಥೈರಾಯ್ಡ್ ಕೆಲಸವನ್ನು ಕೆಡಿಸುತ್ತದೆ. ಇತ್ತ ಹವಾಯಿ ದ್ವೀಪದ ಮೇಕೆಗಳು ಅದೇ ಸೊಪ್ಪನ್ನು ಹೊಟ್ಟೆ ತುಂಬ ತಿಂದು ಆರಾಮಾಗಿದ್ದವು.

ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಅವರಿಗೆ ಅನುಮಾನ ಬಂದಿದ್ದು ಮೇಕೆಯ ಮೇಲಲ್ಲ, ಅದರ ಹೊಟ್ಟೆಯೊಳಗೆ ಇರುವವರ ಮೇಲೆ. 1980ರ ದಶಕದ ಮೊದಲ ವರ್ಷಗಳಲ್ಲಿ ಹವಾಯಿಯ ಮೇಕೆಗಳ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಅವರ ತಂಡ ಆಸ್ಟ್ರೇಲಿಯಾಕ್ಕೆ ತಂದು ಅಲ್ಲಿನ ಮೇಕೆ, ದನಗಳ ಹೊಟ್ಟೆಗೆ ಸೇರಿಸಿತು. ಅಕ್ಷರಶಃ ಹೆಪ್ಪು! ಅಷ್ಟಕ್ಕೇ ಡಿಎಚ್‌ಪಿ ಕರಗತೊಡಗಿತು, ಮೇಲಾಗಿ ಹೆಪ್ಪು ಪಡೆದ ದನದಿಂದ ಜೊತೆಯ ದನಗಳಿಗೂ ಅದು ತಾನಾಗಿಯೇ ಹರಡಿತು. ದನ ಅದೇ, ಸೊಪ್ಪೂ ಅದೇ. 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಜೋನ್ಸ್ ಅವರ ಗೌರವಕ್ಕೇ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಹೆಸರಿಟ್ಟರು. ದನದ ಹೊಟ್ಟೆಯ ಜೀವಿಗೆ ತಮ್ಮ ಹೆಸರು ಬರುವ ಭಾಗ್ಯ ಎಷ್ಟು ಜನರಿಗಿದೆ ಹೇಳಿ.

ಹಸುವಿನ ವಿಷಯ ಬಂತು ಅಂತ ಇನ್ನೊಂದು ಮಾತು. ಹುಲ್ಲಿನ ನಾರನ್ನು ಒಡೆಯುವುದು ಹಸು ಅಲ್ಲ, ಅದರೊಳಗಿನ ಸೂಕ್ಷ್ಮಜೀವಿಗಳು. ಹಸು ತೇಗಿದಾಗ ಬರುವ, ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಕೂಡ ಅವುಗಳದೇ ಕೆಲಸ. ಸುಮ್ನೆ ಹಸುವನ್ನು ಬೈಯುತ್ತೇವೆ.

ಇನ್ನು ನಮ್ಮ ಹೊಟ್ಟೆ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ, ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಒಂದಕ್ಕೆ ಹತ್ತು ಅಂತ ಹಿಂದೆ ಹೇಳುತ್ತಿದ್ದುದು ತಪ್ಪು ಲೆಕ್ಕ. ಮೊದಲ ಹೆಪ್ಪು ಬಹುಪಾಲು ತಾಯಿಯಿಂದಲೇ ಬರುತ್ತದೆ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆಗಳಿವೆ, ಅದೂ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರದ ಸ್ಥಾನದಲ್ಲಿ ನಿಲ್ಲುವಷ್ಟು. ಮಗುವಿಗೆ ಆಗದ್ದು ಹಾಲಿನಲ್ಲಿ ಯಾಕೆ? ಅದು ಮಗುವಿನ ಕರುಳಿನಲ್ಲಿರುವ ಬೈಫಿಡೋಬ್ಯಾಕ್ಟೀರಿಯಾಗಳ ಊಟ. ತಾಯಿ ಹಾಲು ಕುಡಿಸುವುದು ಮಗುವಿಗೆ ಮಾತ್ರ ಅಲ್ಲ.

ಈ ಊರನ್ನು ಆಂಟಿಬಯೋಟಿಕ್ ಖಾಲಿ ಮಾಡಿದರೆ, ಕಾದು ಕೂತಿದ್ದ ಸಿ-ಡಿಫ್ ಅನ್ನುವ ಬ್ಯಾಕ್ಟೀರಿಯಾ ತಲೆ ಎತ್ತಿ ನಿಲ್ಲದ ಭೇದಿ ತರಬಹುದು, ಜೀವಕ್ಕೇ ಕುತ್ತಾಗಬಹುದು. ಪದೇ ಪದೇ ಈ ಕಾಯಿಲೆಗೆ ತುತ್ತಾದವರಿಗೆ ನೆದರ್‌ಲೆಂಡ್ಸ್‌ನ ವೈದ್ಯರು ಮಾಡಿದ್ದನ್ನು ಕೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ: ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಉಪ್ಪುನೀರಿನಲ್ಲಿ ಕದಡಿ, ಸೋಸಿ, ಮೂಗಿನ ಮೂಲಕ ಇಳಿಸಿದ ಕೊಳವೆಯಲ್ಲಿ ಸಣ್ಣ ಕರುಳಿಗೆ ಬಿಟ್ಟರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. 16 ಜನರಲ್ಲಿ 13 ಮಂದಿಗೆ ಒಂದೇ ಸಲಕ್ಕೆ ವಾಸಿ. ವ್ಯಾಂಕೊಮೈಸಿನ್ ಔಷಧವನ್ನಷ್ಟೇ ಪಡೆದ 13 ಜನರಲ್ಲಿ ವಾಸಿಯಾದವರು 4 ಮಂದಿ. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. (ಇದು ಮನೆಯಲ್ಲಿ ಮಾಡಿ ನೋಡುವ ಮದ್ದಲ್ಲ, ದಯವಿಟ್ಟು.)

ಹಾಗಾದರೆ ಪ್ರೋಬಯೋಟಿಕ್ ಪುಡಿ ನುಂಗಿದರೆ ಆಯಿತಲ್ಲ ಅನ್ನಬೇಡಿ. ಅದರಲ್ಲಿರುವುದು ಕೆಲವೇ ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾಗಳು, ಅವೂ ಬಹಳಷ್ಟು ಸಲ ಬಸ್ಸಿನ ಪ್ರಯಾಣಿಕರ ಹಾಗೆ ಹತ್ತಿ ಇಳಿದುಹೋಗುತ್ತವೆ. ಮೊಸರಿನ ಬ್ಯಾಕ್ಟೀರಿಯಾಗಳ ಕಥೆಯೂ ಹೆಚ್ಚುಕಡಿಮೆ ಅದೇ. ಹೆಪ್ಪು ಹಿಡಿಯಬೇಕಾದರೆ ಜಾಗವೂ ಹದವಾಗಿರಬೇಕು; ತಣ್ಣಗಿನ ಹಾಲಿಗೆ ಎಷ್ಟು ಹೆಪ್ಪು ಹಾಕಿದರೂ ಮೊಸರಾಗುವುದಿಲ್ಲ, ಹೌದು ತಾನೇ? ನನ್ನ ಕೇಳಿದರೆ ಆ ದುಡ್ಡಿಗೆ ರಾಗಿ, ಸೊಪ್ಪು, ಅವರೆಕಾಳು ತನ್ನಿ. ನಮಗೆ ಜೀರ್ಣವಾಗದ ಅವುಗಳ ನಾರನ್ನು ಕರುಳಿನವರು ತಿಂದು ಬ್ಯುಟಿರೇಟ್ ಅನ್ನುವ ವಸ್ತು ತಯಾರಿಸುತ್ತಾರೆ, ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ.

ಹೆಪ್ಪನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಸೋಯಾ ಬೆಳೆಯುವ ರೈತರು. ಬೀದರ್, ಬೆಳಗಾವಿ ಕಡೆ ಈಗ ಎಲ್ಲೆಲ್ಲೂ ಕಾಣುವ ಸೋಯಾ ಮೂಲತಃ ಪೂರ್ವ ಏಷ್ಯಾದ ಬೆಳೆ. ಅದರ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ರಾಡಿರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ, ಸೋಯಾವನ್ನೇ ಕಾಣದ ಹೊಲದಲ್ಲಿ ಸಾಕಷ್ಟು ಇರುವುದಿಲ್ಲ. ಅದಕ್ಕೇ ಬೆಲ್ಲದ ಅಂಟಿನಲ್ಲಿ ಜೀವಾಣು ಗೊಬ್ಬರ ಕಲಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತುತ್ತಾರೆ. ಬಿಸಿಲಿಗೆ ಹಾಕಿದರೆ ಹೆಪ್ಪು ಸಾಯುತ್ತದೆ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆಯುತ್ತಿದೆ, ಬಿಳಿಚಿಕೊಂಡಿದ್ದರೆ ಹೆಪ್ಪು ಹಿಡಿದಿಲ್ಲ.